ಎರಡನೇ ಮಗ್ಗುಲಿನ ಕೆಮ್ಮು

ಲಿಬಾರ್ದೋ ಸತಿಸಾಬಾಲ್ ಕಾಲಿ ನಗರದ ಒಂದು ನೋಟರಿ ಕಚೇರಿಯಲ್ಲಿ ಮೂವತ್ತು ವರ್ಷದಿಂದ ಒಂದೇ ಕೆಲಸ ಮಾಡುತ್ತಿದ್ದ. ಜನ ತಂದ ಜೆರಾಕ್ಸ್ ಪ್ರತಿಯನ್ನೂ ಮೂಲ ಪತ್ರವನ್ನೂ ಪಕ್ಕಪಕ್ಕದಲ್ಲಿಟ್ಟು, ಸಾಲುಸಾಲಿಗೂ ಬೆರಳಾಡಿಸಿ, "ಮೂಲಕ್ಕೆ ಸರಿಯಾಗಿದೆ" ಎಂದು ಮೊಹರು ಒತ್ತುವುದು. ದಿನಕ್ಕೆ ನಾನೂರು ಮೊಹರು. ಇಷ್ಟು ವರ್ಷಗಳಲ್ಲಿ ಒಂದೇ ಒಂದು ಸುಳ್ಳು ಮೊಹರು ಒತ್ತಿದವನಲ್ಲ. ಅವನು ಜೀವಮಾನದಲ್ಲಿ ಹೇಳಿದ ದೊಡ್ಡ ಸುಳ್ಳು ಒಂದೇ ಒಂದು. ಅದು ಒಂದು ಕೆಮ್ಮಿನ ಬಗ್ಗೆ. ಅದೂ ಅವನ ಸ್ವಂತ ಕೆಮ್ಮಲ್ಲ.

ಲಿಬಾರ್ದೋಗೆ ಸೊನೋರಾ ಪಿಯಾಂಗ್ವಾ ಎಂಬ ವಾದ್ಯವೃಂದದ ಹುಚ್ಚು. ಬ್ವೆನಾವೆಂತುರಾ ಬಂದರಿನ ಹನ್ನೊಂದು ಜನ ಸೇರಿ ಕಟ್ಟಿದ್ದ ಆ ತಂಡ 1974ರಲ್ಲಿ ಒಂದೇ ಒಂದು ರೆಕಾರ್ಡು ಮಾಡಿತು. ಆಮೇಲೆ ಫೋಟೋದಲ್ಲಿ ಮುಂದಿನ ಸಾಲಿನಲ್ಲಿ ಯಾರು ನಿಲ್ಲಬೇಕು ಎಂಬ ವಿಷಯಕ್ಕೆ ಜಗಳವಾಡಿ ಚದುರಿಹೋಯಿತು. ಆಗ ಲಿಬಾರ್ದೋಗೆ ಒಂಬತ್ತು ವರ್ಷ. ದೊಡ್ಡಮ್ಮನ ಮನೆಗೆ ಅಂಟಿಕೊಂಡೇ ಒಂದು ಕುಣಿತದ ಹಾಲ್ ಇತ್ತು. ಶನಿವಾರ ಸಂಜೆ ಅಲ್ಲಿ ಆ ಹಾಡುಗಳನ್ನು ಹಾಕುತ್ತಿದ್ದರು. ಹುಡುಗ ಗೋಡೆಗೆ ಕಿವಿ ಹಚ್ಚಿ ನಿಲ್ಲುತ್ತಿದ್ದ. ಇಟ್ಟಿಗೆ ದಾಟಿ ಬರುತ್ತಿದ್ದುದು ಬೇಸ್ ವಾದ್ಯದ ದುಂ ದುಂ ಮಾತ್ರ. ಅವನಿಗೆ ಅಷ್ಟೇ ಸಾಕಾಯಿತು.

ಮೂಲ ರೆಕಾರ್ಡುಗಳು ಬಂದರಿನ ಗೋದಾಮಿಗೆ ಸಮುದ್ರ ನುಗ್ಗಿದಾಗ ಬಹುಪಾಲು ಹೋಗಿಬಿಟ್ಟಿದ್ದವು. ಲಿಬಾರ್ದೋನ ಸಂಗ್ರಹದಲ್ಲಿ ಮೂಲದ ರಟ್ಟಿನ ಹೊದಿಕೆ ಇತ್ತು, ಒಳಗೆ ರೆಕಾರ್ಡು ಇರಲಿಲ್ಲ. ಮೆಕ್ಸಿಕೋದಲ್ಲಿ ಹೊರಬಂದ ಪ್ರತಿ ಇತ್ತು, ಹೆಸರು ಇವರದು, ಹಾಡು ಇನ್ಯಾರವೋ. ವೆನೆಸುವೇಲಾದ ಹಸಿರು ಚೀಟಿಯದೊಂದಿತ್ತು, ಎರಡು ಹೋಳಾಗಿ. ಹೀಗಿರುವಾಗ ಹಾಲೆಂಡಿನ ಯಾವುದೋ ಪುಟ್ಟ ಕಂಪನಿ ಆ ರೆಕಾರ್ಡನ್ನು ಮರುಮುದ್ರಿಸಿತು. ಒಟ್ಟು ಮುನ್ನೂರೇ ಪ್ರತಿ, ಒಂದೊಂದಕ್ಕೂ ಸಂಖ್ಯೆ. ಕಾಲಿ ನಗರಕ್ಕೆ ಬಂದದ್ದು ಹನ್ನೆರಡು. ಅದರಲ್ಲಿ 217ನೆಯದು ಲಿಬಾರ್ದೋನ ಪಾಲಿಗೆ ಬಂತು.

"ಹಾಕು ಮತ್ತೆ, ಕೇಳೋಣ," ಎಂದಳು ಹೆಂಡತಿ ನೂಬಿಯಾ.

ಕೂಸನ್ನು ಬಾವಿಗೆ ಎಸೆ ಎಂದವಳನ್ನು ನೋಡುವಂತೆ ಅವಳನ್ನು ನೋಡಿದ. "ಪ್ಲಾಸ್ಟಿಕ್ ಹರಿದ್ರೆ ಅದು ಬರೀ ರೆಕಾರ್ಡಾಗಿಬಿಡುತ್ತೆ, ನೂಬಿಯಾ!"

"ಈಗೇನಾಗಿದೆ?"

"ಈಗ ಅದು ಸೀಲ್ ಒಡೆಯದ ಪ್ರತಿ."

ಅವನ ಅತ್ತೆ ದೋನ್ಯಾ ಫಿದೆಲೀನಾ ಬೆಟ್ಟದೂರಿನವರು. ಐವತ್ತು ವರ್ಷ ಕೋಳಿ ಸಾಕಿದವರು. ಕೂತಲ್ಲಿಂದಲೇ ಹೇಳಿದರು: "ನಮ್ ಕಡೆ ಕೋಳಿ ತಂದ್ರೆ ಒಂದು ಮೊಟ್ಟೆಗೆ, ಇಲ್ಲಾ ಸಾರಿಗೆ. ತಂದು ದಿಂಬಿನ ಚೀಲದಲ್ಲಿ ಕಟ್ಟಿ ಬೀರು ಮೇಲಿಡೋದನ್ನ ಇಲ್ಲೇ ನೋಡಿದ್ದು."

ರೆಕಾರ್ಡು ದಿಂಬಿನ ಚೀಲದೊಳಗೆ ಸೇರಿ ಬೀರುವಿನ ಮೇಲೆಯೇ ಉಳಿಯಿತು.

ಪ್ರತಿ ಭಾನುವಾರ ಬೆಳಿಗ್ಗೆ ಉದ್ಯಾನದ ಮರದಡಿ ಹನ್ನೆರಡು ಜನ ರೆಕಾರ್ಡು ಸಂಗ್ರಾಹಕರ ಸಂಘ ಸೇರುತ್ತಿತ್ತು. ಅಧ್ಯಕ್ಷರು ದಂತವೈದ್ಯ ಡಾಕ್ಟರ್ ತೂಲಿಯೋ ಎಸ್ಕಾರಿಯಾ. ರೋಗಿಯ ಬಾಯಿಗೆ ಹತ್ತಿ ತುರುಕಿಟ್ಟು ಅರ್ಧ ಗಂಟೆ ಸಂಗೀತದ ಬಗ್ಗೆ ಮಾತಾಡಿ ಮಾತಾಡಿ, ಎದುರಿನವರಿಗೂ ಬಾಯಿ ಇರುತ್ತದೆಂಬುದನ್ನು ಅವರು ಮರೆತಿದ್ದರು. ಲಿಬಾರ್ದೋ ಒಂಬತ್ತು ವರ್ಷದಿಂದ ಆ ಸಂಘದ ಸದಸ್ಯ. ಡಾಕ್ಟರು ಅವನನ್ನು ಒಂಬತ್ತು ವರ್ಷದಿಂದಲೂ ಲಿಸಾಂದ್ರೋ ಎಂದೇ ಕರೆಯುತ್ತಿದ್ದರು.

ಆ ಭಾನುವಾರ ಹೊಸ ಮರುಮುದ್ರಣದ ಮಾತು ಬಂತು. ಡಾಕ್ಟರು ಕಣ್ಣು ಮುಚ್ಚಿ, "ಬೇಸ್ ಇದೆಯಲ್ಲ, ಏನು ಬೆಚ್ಚಗಿದೆ! ಹಾಲಿನ ಕೆನೆ ಥರ!" ಎಂದರು. ಉಳಿದವರು ಕೆನೆ ಕೆನೆ ಎಂದು ತಲೆಯಾಡಿಸಿದರು. ಎಲ್ಲರೂ ಕೇಳಿಬಿಟ್ಟಿದ್ದಾರೆ, ತಾನೊಬ್ಬನೇ ಹಿಂದೆ ಬಿದ್ದೆ ಎಂದು ಲಿಬಾರ್ದೋಗೆ ಅನ್ನಿಸಿತು. ಯೋಚಿಸುವ ಮೊದಲೇ ಬಾಯಿ ತೆರೆದುಕೊಂಡಿತು.

"ರೆಕಾರ್ಡಿನ ಎರಡನೇ ಮಗ್ಗುಲಲ್ಲಿ, ಮೂರನೇ ಹಾಡಿಗೆ ಮುಂಚೆ, ಬೇಸ್ ನುಡಿಸೋರು ಕೆಮ್ಮೋದೂ ಕೇಳುತ್ತಲ್ಲ ಡಾಕ್ಟ್ರೇ?"

ಆಗ ಡಾಕ್ಟರು ನಿಧಾನಕ್ಕೆ ಕಣ್ಣು ತೆರೆದು, "ಆ ಕೆಮ್ಮು! ಯಾರು ಗಮನಿಸ್ತೀರಾ ಅಂತ ಇಷ್ಟು ದಿನ ಕಾಯ್ತಾ ಇದ್ದೆ," ಎಂದರು.

"ನಾನು ಮೊದಲ ದಿನವೇ ಕೇಳಿದೆ," ಎಂದ ಒಬ್ಬ.

"ಒಣ ಕೆಮ್ಮು," ಎಂದ ಇನ್ನೊಬ್ಬ.

"ಒಣ ಎಲ್ಲಿ ಬಂತು? ಕಫ ಇದೆ ಅದರಲ್ಲಿ. ಒಳ್ಳೇ ಸ್ಪೀಕರ್ ಬೇಕು ಕೇಳೋಕೆ."

ಹತ್ತೇ ನಿಮಿಷದಲ್ಲಿ ಸಂಘ ಎರಡು ಪಂಗಡವಾಯಿತು, ಒಣ ಕೆಮ್ಮಿನವರು ಮತ್ತು ಕಫದವರು. ಹೊರಡುವಾಗ ಡಾಕ್ಟರು ಅವನ ಭುಜ ತಟ್ಟಿ, "ಒಳ್ಳೇ ಕಿವಿ ನಿಮ್ಮದು, ಲಿ... ಲಿಬಾರ್ದೋ," ಎಂದರು. ಒಂಬತ್ತು ವರ್ಷದ ತಪಸ್ಸಿಗೆ ವರ ಸಿಕ್ಕಿತ್ತು. ವರವೆಂದ ಮೇಲೆ ಅದರ ಬಾಲಕ್ಕೆ ಏನು ಕಟ್ಟಿಕೊಂಡು ಬಂದಿದೆಯೆಂದು ಯಾರು ನೋಡುತ್ತಾರೆ?

ಸಂಘದವರೊಬ್ಬರು ರೇಡಿಯೋದಲ್ಲಿ ಸಂಜೆಯ ಕಾರ್ಯಕ್ರಮ ನಡೆಸುತ್ತಿದ್ದರು. ಮಾರನೆಯ ಸಂಜೆಯೇ ಇಪ್ಪತ್ತು ನಿಮಿಷ ಕೆಮ್ಮಿನ ಬಗ್ಗೆ ಮಾತಾಡಿದರು. ಕೆಮ್ಮಿದವರು ತಂಡದ ಬೇಸ್ ವಾದಕ ತೆಯೋಫಿಲೋ ರಿಯಾಸ್ಕೋಸ್. ಮೊದಲು ಗುರುತಿಸಿದವರು ನಮ್ಮ ಊರಿನ ಲಿಬಾರ್ದೋ ಸತಿಸಾಬಾಲ್. ಆ ಕೆಮ್ಮಿನಲ್ಲಿ ಇಡೀ ಕಡಲತೀರದ ಬದುಕಿದೆ, ದುಡಿಮೆಯಿದೆ, ವಿರಹವಿದೆ. ಕೇಳುಗರು ಫೋನ್ ಮಾಡಿದರು. ಒಬ್ಬಾಕೆ ತನ್ನ ಗಂಡನೂ ಹಾಗೇ ಕೆಮ್ಮುತ್ತಿದ್ದ ಎಂದು ಅತ್ತಳು.

"ನೀನು ಯಾವಾಗ ಕೇಳಿದೆ?" ನೂಬಿಯಾ ಸೌಟು ಹಿಡಿದು ಬಾಗಿಲಲ್ಲಿ ನಿಂತಳು.

"ನೀವಿಬ್ಬರೂ ಚರ್ಚಿಗೆ ಹೋದಾಗ."

"ದಿಂಬಿನ ಚೀಲದ ಗಂಟು ನಾನು ಹಾಕಿದ ಹಾಗೇ ಇದೆ."

"ಅದೇ ಥರ ಮತ್ತೆ ಕಟ್ಟಿದೆ."

"ನಿನ್ನ ಷೂ ಲೇಸನ್ನೇ ನಾನು ಕಟ್ಟಬೇಕು, ಲಿಬಾರ್ದೋ."

ಅಷ್ಟರಲ್ಲಿ ಅವನ ತಲೆಯಲ್ಲಿ ಬೇರೆಯೇ ಲೆಕ್ಕ ನಡೆದಿತ್ತು: ಡಾಕ್ಟರು ಕೇಳಿದ್ದಾರೆ. ಉಳಿದ ಹತ್ತು ಜನ ಕೇಳಿದ್ದಾರೆ. ಹನ್ನೊಂದು ಜನ ಕೇಳಿದ ಮೇಲೆ ಕೆಮ್ಮು ಇದ್ದೇ ಇರಬೇಕು! ತಾನು ಬಾಯಿಗೆ ಬಂದದ್ದು ಹೇಳಿದೆ, ಅದೃಷ್ಟಕ್ಕೆ ನಿಜವಾಗಿತ್ತು, ಅಷ್ಟೇ. ಅಂದು ಊಟ ಚೆನ್ನಾಗಿ ಸೇರಿತು.

ಮೂರು ವಾರ ಕಳೆದ ಮೇಲೆ ಒಂದು ಬುಧವಾರ, ನೋಟರಿ ಕಚೇರಿಯ ಕಿಟಕಿಗೆ ಬಿಳಿ ಸಮವಸ್ತ್ರದ ದಪ್ಪ ಹೆಂಗಸೊಬ್ಬಳು ಬಂದಳು. ಹಿಂದೆ ಇಸ್ತ್ರಿ ಮಾಡಿದ ಅಂಗಿ ತೊಟ್ಟ, ಕಡ್ಡಿಯಂತೆ ನೆಟ್ಟಗಿದ್ದ ಎಂಬತ್ತೊಂದು ವರ್ಷದ ಕಪ್ಪು ಮುದುಕ.

"ಇಲ್ಲಿ ಲಿಬಾರ್ದೋ ಸತಿಸಾಬಾಲ್ ಅನ್ನೋರು ಯಾರು?"

"ನಾನೇ," ಎಂದ ಲಿಬಾರ್ದೋ, ಹಸ್ತಾಕ್ಷರ ಕೇಳಲು ಬಂದಿರಬೇಕೆಂದು ಪೆನ್ನು ತಡಕುತ್ತ.

"ನಾನು ದಾಮಾರಿಸ್ ರಿಯಾಸ್ಕೋಸ್, ಶ್ವಾಸಕೋಶದ ವಾರ್ಡಿನಲ್ಲಿ ನರ್ಸು. ಇವರು ನಮ್ಮಪ್ಪ. ದಿನಾ ನೂರು ಜನರ ಎದೆ ನೋಡ್ತೀನಿ, ಮನೆಯಲ್ಲೇ ಒಬ್ಬರು ಐವತ್ತು ವರ್ಷದಿಂದ ಕೆಮ್ಮು ಬಚ್ಚಿಟ್ಟುಕೊಂಡಿದ್ದು ನನಗೆ ರೇಡಿಯೋದಿಂದ ಗೊತ್ತಾಗಬೇಕು! ಎರಡು ಸಲ ಎಕ್ಸ್‌ರೇ ಮಾಡಿಸಿದೆ, ಏನೂ ಕಾಣಲಿಲ್ಲ. ಅಂದರೆ ಎಷ್ಟು ಒಳಗಿರಬೇಕು ನೋಡಿ!"

ಮುದುಕ ಮಗಳನ್ನು ಪಕ್ಕಕ್ಕೆ ಸರಿಸಿ ಕಿಟಕಿಗೆ ಮುಖವಿಟ್ಟರು. "ಮಗಾ, ನಾನು ತೆಯೋಫಿಲೋ. ನನ್ನ ಚುಟ್ಟಾ ಕಿತ್ಕೊಂಡ್ಲು. ಸಂಜೆ ಒಂದು ಗುಟುಕು ಹಾಕ್ತಿದ್ದೆ, ಅದನ್ನೂ ಕಿತ್ಕೊಂಡ್ಲು. ಹದಿನೇಳು ದಿನದಿಂದ ಶುಂಠಿ ಕಷಾಯ, ಕತ್ತಿಗೆ ಉಣ್ಣೆ ಬಟ್ಟೆ. ಈ ಕಾಲಿಯ ಸೆಕೆಯಲ್ಲಿ ಉಣ್ಣೆ! ನಾನು ವಾದ್ಯ ಹಿಡಿದಾಗ ಉಸಿರು ಬಿಡೋಕೂ ಹಿಂದೆಮುಂದೆ ನೋಡ್ತಿದ್ದವನು. ನಾನು ಕೆಮ್ಮಿದೆ ಅಂತ ನೀನು ಹೇಗೆ ಹೇಳ್ತೀಯಾ?"

"ಹೇಳಿದ್ದನ್ನ ಬರೆದುಕೊಡಲಿ," ಎಂದಳು ದಾಮಾರಿಸ್. "ಪ್ರಮಾಣ ಮಾಡಿ. ಎದೆ ಡಾಕ್ಟ್ರಿಗೆ ತೋರಿಸಬೇಕು."

ಗಲಾಟೆ ಕೇಳಿ ಒಳಗಿನಿಂದ, ಕಾನೂನು ಓದಿದ್ದರಿಂದ ಎಲ್ಲರೂ ದೊಕ್ತೋರಾ ಎನ್ನುತ್ತಿದ್ದ ನೋಟರಿ ಆಂಪಾರೋ ಬಂದರು. ಕನ್ನಡಕ ಏರಿಸಿ ಎಲ್ಲ ಕೇಳಿಸಿಕೊಂಡರು. ಅವರ ಕಚೇರಿಯಲ್ಲಿ ಮದುವೆ, ಮನೆ, ಮರಣ, ಎಲ್ಲಕ್ಕೂ ಮೊಹರು ಬಿದ್ದಿತ್ತು. ಕೆಮ್ಮಿಗೆ ಇದೇ ಮೊದಲು. ಅವರಿಗೆ ಉತ್ಸಾಹ ಬಂದಂತಿತ್ತು.

"ಸುಳ್ಳು ಪ್ರಮಾಣಕ್ಕೆ ಏನು ಶಿಕ್ಷೆ ಅಂತ ನಾನು ಹೇಳಬೇಕಿಲ್ಲ, ಲಿಬಾರ್ದೋ. ಗೋಡೆ ಮೇಲಿನ ಬೋರ್ಡು ಬರೆಸಿದ್ದು ನೀವೇ. ಹಾಗಾಗಿ ಕೇಳದೆ ಬರೆಯೋದು ಬೇಡ. ಶನಿವಾರ ಮೂರು ಗಂಟೆಗೆ ನಿಮ್ಮ ಮನೆಗೆ ಬರ್ತೀನಿ. ರಿಜಿಸ್ಟರು, ಮೊಹರು ತರ್ತೀನಿ. ರೆಕಾರ್ಡು ಹಾಕಿ, ಎಲ್ಲರೆದುರಿಗೆ ಕೇಳೋಣ."

ಶನಿವಾರ ಎರಡೂವರೆಗೇ ಬೀದಿ ತುಂಬಿತ್ತು. ಒಬ್ಬಳು ಲುಲಾದಾ ಶರಬತ್ತಿನ ಗಾಡಿಯನ್ನು ತಂದು ಅವನ ಬಾಗಿಲಿಗೇ ನಿಲ್ಲಿಸಿಕೊಂಡಿದ್ದಳು. ಸಂಘದ ಹನ್ನೊಂದೂ ಜನ ಬಂದಿದ್ದರು. ಇನ್ನೊಬ್ಬನ ಸೀಲ್ ಒಡೆಯುವುದನ್ನು ನೋಡುವ ಸುಖ ಸಂಗ್ರಾಹಕನಿಗೆ ದಿನಾ ಸಿಗುವಂಥದ್ದಲ್ಲ. ಅವರಲ್ಲಿ ಯಾರೂ, ಈ ಪ್ರತಿಗೆ ಇನ್ನೂ ಸೀಲ್ ಯಾಕಿದೆ ಎಂದು ಕೇಳಲಿಲ್ಲ. ದೋನ್ ತೆಯೋಫಿಲೋ ಒಳ್ಳೆಯ ಕುರ್ಚಿಯಲ್ಲಿ ಕುಳಿತರು. ದೊಕ್ತೋರಾ ಆಂಪಾರೋ ಊಟದ ಮೇಜಿನ ಮೇಲೆ ರಿಜಿಸ್ಟರು ಬಿಡಿಸಿದರು.

ದಿಂಬಿನ ಚೀಲ ಕೆಳಗಿಳಿಯಿತು. ಲಿಬಾರ್ದೋ ಕೊನೆಯ ಪ್ರಯತ್ನ ಮಾಡಿದ. "ಸೂಜಿ ಸ್ವಲ್ಪ ಸವೆದಿದೆ."

"ಹೊಸದು ತಂದಿದ್ದೀನಿ," ಎಂದರು ಡಾಕ್ಟರ್ ತೂಲಿಯೋ, ಜೇಬಿನಿಂದ ತೆಗೆದು.

"ಕರೆಂಟು ಈ ಹೊತ್ತಿಗೆ ಏರುಪೇರು."

"ಅರ್ಧ ಗಂಟೆಯಿಂದ ಫ್ಯಾನು ಚೆನ್ನಾಗೇ ತಿರುಗ್ತಿದೆ," ಎಂದಳು ನೂಬಿಯಾ, ಕರುಣೆಯಿಲ್ಲದೆ.

ಅಂಚು ಹೇಗೆ ಬಿಡಿಸಬೇಕೆಂದು ಅವನು ಉಗುರಿನಿಂದ ಕೆರೆಯುತ್ತಿದ್ದಾಗ ದೋನ್ಯಾ ಫಿದೆಲೀನಾ ಅಡುಗೆಮನೆಯಿಂದ ಬಂದು, ಬಾಳೆಕಾಯಿ ಹೆಚ್ಚುವ ಚೂರಿಯಿಂದ ಪ್ಲಾಸ್ಟಿಕ್ಕನ್ನು ಮೀನಿನ ಹೊಟ್ಟೆ ಸೀಳಿದಂತೆ ಸರ್ರನೆ ಸೀಳಿ ಹೋದರು. ಹನ್ನೊಂದು ಸಂಗ್ರಾಹಕರ ಬಾಯಿಂದ ಒಂದೇ ನರಳಿಕೆ ಹೊರಟಿತು.

ಎರಡನೇ ಮಗ್ಗುಲು ತಿರುಗತೊಡಗಿತು. ಮೊದಲು ಸಣ್ಣ ಚರಪರ. ಡಾಕ್ಟರು ಕಣ್ಣು ಮುಚ್ಚಿದರು. ಆಮೇಲೆ ಗಂಭೀರ ಗಂಡಸಿನ ಧ್ವನಿಯೊಂದು ಯಾರಿಗೂ ತಿಳಿಯದ ಭಾಷೆಯಲ್ಲಿ ಎರಡು ಮಾತು ಹೇಳಿತು.

"ಪ್ರಕಟಣೆ," ಎಂದು ಪಿಸುಗುಟ್ಟಿದರು ಡಾಕ್ಟರು. "ಕಂಪನಿಯವರದು."

ಮೌನ. ಆಮೇಲೆ: "ಕ್ವಾಕ್. ಕ್ವಾಕ್ ಕ್ವಾಕ್."

"ತುತ್ತೂರಿ," ಎಂದರು ಡಾಕ್ಟರು, ಸ್ವಲ್ಪ ಅಳುಕಿ. "ಶ್ರುತಿ ಮಾಡ್ಕೋತಿದ್ದಾರೆ."

"ಬಾತುಕೋಳಿ," ಅಡುಗೆಮನೆಯಿಂದ ದೋನ್ಯಾ ಫಿದೆಲೀನಾ ಕೂಗಿದರು. "ಹೆಣ್ಣು. ಮೊಟ್ಟೆಗೆ ಕೂತಿದೆ."

ಗಂಡಸಿನ ಧ್ವನಿ ಇನ್ನೆರಡು ಮಾತು ಹೇಳಿತು. ಏನೋ ಉದ್ದಕ್ಕೆ ಸಿಳ್ಳೆ ಹಾಕಿತು. ಮತ್ತೆ ಧ್ವನಿ. ಏನೋ ಮರ ಕುಟ್ಟಿತು. ಮೂರನೆಯ ಹಾಡಿರಬೇಕಾದ ಜಾಗದಲ್ಲಿ ಗೂಬೆಯೊಂದು ತನಗೆ ತೋಚಿದ್ದನ್ನು ಹೇಳಿತು. ಯಾರೂ ಕೆಮ್ಮಲಿಲ್ಲ, ಕೋಣೆಯಲ್ಲಿದ್ದವರೂ ಕೆಮ್ಮಲು ಹೆದರಿದ್ದರು. ಕಂಪನಿಯವರು ಹೊದಿಕೆಯೊಳಗೆ ಯಾವುದೋ ಹಕ್ಕಿಗಳ ರೆಕಾರ್ಡು ತುಂಬಿ ಕಳಿಸಿದ್ದರು.

ದೊಕ್ತೋರಾ ಆಂಪಾರೋ ಪೆನ್ನು ಕೆಳಗಿಟ್ಟರು. "ಲಿಬಾರ್ದೋ?"

ಲಿಬಾರ್ದೋ ಎದ್ದು ನಿಂತ. "ನಾನು ಕೇಳೇ ಇರಲಿಲ್ಲ, ದೊಕ್ತೋರಾ. ಸೀಲೇ ಒಡೆದಿರಲಿಲ್ಲ. ಎಲ್ಲರೂ ಕೇಳಿದೀವಿ ಅಂದ್ರು, ನನಗೂ ಏನಾದ್ರೂ ಹೇಳಬೇಕು ಅನ್ನಿಸ್ತು. ಕೆಮ್ಮು ಬಾಯಿಗೆ ಬಂತು. ದೋನ್ ತೆಯೋಫಿಲೋ, ನೀವು ಕೆಮ್ಮಿಲ್ಲ. ತಪ್ಪಾಯ್ತು."

"ನಾಚಿಕೆಗೇಡು!" ಡಾಕ್ಟರು ಗುಡುಗಿದರು. "ಸಂಘದ ಮರ್ಯಾದೆ ತೆಗೆದಿರಿ, ಲಿಸಾಂದ್ರೋ! ಇವರ ಪ್ರತಿಯೇ ಕೆಟ್ಟದ್ದು, ದೊಕ್ತೋರಾ. ನನ್ನದರಲ್ಲಿ ಕೆಮ್ಮು ಸ್ಪಷ್ಟವಾಗಿದೆ. ನಾನೇ ಕೇಳಿದ್ದೀನಿ."

ಹೇಳಿದ ಮರುಕ್ಷಣವೇ ಅವರಿಗೆ ತಾನು ಏನು ಹೇಳಿದೆನೆಂದು ಹೊಳೆಯಿತು. ದಾಮಾರಿಸ್ ಆಗಲೇ ಎದ್ದಿದ್ದಳು. "ಹೌದಾ? ಹಾಗಾದ್ರೆ ಅದನ್ನೇ ಕೇಳೋಣ. ನಡೀರಿ ಡಾಕ್ಟ್ರೇ."

ಮೆರವಣಿಗೆ ಹೊರಟಿತು. ಮುಂದೆ ರಿಜಿಸ್ಟರು, ಹಿಂದೆ ದೋನ್ ತೆಯೋಫಿಲೋ, ಅವರ ಹಿಂದೆ ಬೀದಿ, ಕೊನೆಗೆ ಶರಬತ್ತಿನ ಗಾಡಿ. ಸಂಘದ ಉಳಿದ ಹತ್ತು ಜನರಲ್ಲಿ ಒಬ್ಬನಿಗೆ ನಡುದಾರಿಯಲ್ಲಿ ಮದುವೆ ನೆನಪಾಯಿತು, ಒಬ್ಬನಿಗೆ ಬಸ್ಸು ಸಿಕ್ಕಿತು, ಒಬ್ಬ ಕಾಲು ಉಳುಕಿಸಿಕೊಂಡ. ಡಾಕ್ಟರ ಮನೆ ತಲುಪುವಾಗ ಸಂಘದಲ್ಲಿ ಉಳಿದವರು ಅಧ್ಯಕ್ಷರು ಮತ್ತು ಅಪರಾಧಿ ಮಾತ್ರ.

ಡಾಕ್ಟರ ಮನೆಯಲ್ಲಿ ರೆಕಾರ್ಡುಗಳಿಗೆ ಗಾಜಿನ ಬೀರು, ಬೀಗ, ಒಳಗೊಂದು ತೇವ ಅಳೆಯುವ ಯಂತ್ರ. ಒಂಬತ್ತನೇ ಸಂಖ್ಯೆಯ ಪ್ರತಿ ಕಡೆಗೂ ಹೊರಬಂತು. ದೊಕ್ತೋರಾ ಅದನ್ನು ಬೆಳಕಿಗೆ ಹಿಡಿದು ಮೂಲಪತ್ರ ನೋಡುವಂತೆ ನಾಲ್ಕೂ ಅಂಚು ನೋಡಿದರು.

"ಡಾಕ್ಟ್ರೇ, ಇದನ್ನ ಪ್ಲಾಸ್ಟಿಕ್ ಸಮೇತ ಕೇಳಿದ್ರಾ?"

ಡಾಕ್ಟರ ಬಾಯಿಗೆ ಜೀವನದಲ್ಲಿ ಮೊದಲ ಸಲ ಹತ್ತಿ ತುರುಕಿದಂತಾಯಿತು. ದಾಮಾರಿಸ್ ಸಮವಸ್ತ್ರದ ಜೇಬಿನಿಂದ ಬ್ಯಾಂಡೇಜಿನ ಕತ್ತರಿ ತೆಗೆದಳು. ಎರಡನೇ ಮಗ್ಗುಲಿನಲ್ಲಿ ಅದೇ ಗಂಡಸು, ಅದೇ ಬಾತುಕೋಳಿ. ಬೀದಿಯ ಜನ ಕಿಟಕಿಯಿಂದ ಜೊತೆಗೂಡಿ "ಕ್ವಾಕ್" ಎಂದರು.

ದೊಕ್ತೋರಾ ಆಂಪಾರೋ ಅಲ್ಲೇ ಬರೆದು ಗಟ್ಟಿಯಾಗಿ ಓದಿದರು: "ಎರಡು ಪ್ರತಿಗಳನ್ನು ಪೂರ್ತಿ ಕೇಳಲಾಯಿತು. ಕೆಮ್ಮು ಇಲ್ಲ. ಬಾತುಕೋಳಿ ಇದೆ." ಮೊಹರು ಒತ್ತಿ ದಾಮಾರಿಸ್ ಕೈಗೆ ಕೊಟ್ಟರು. ಆಕೆ ಎರಡು ಸಲ ಓದಿ, ನಿಟ್ಟುಸಿರು ಬಿಟ್ಟು, ಕೈಚೀಲದಿಂದ ಒಂದು ಚುಟ್ಟಾ ತೆಗೆದು ತಂದೆಗೆ ಕೊಟ್ಟಳು. "ದಿನಕ್ಕೆ ಒಂದೇ, ಅಪ್ಪಾ." ಜನ ಚಪ್ಪಾಳೆ ತಟ್ಟಿದರು.

ದೋನ್ ತೆಯೋಫಿಲೋ ಮಾತ್ರ ಚುಟ್ಟಾ ಹೊತ್ತಿಸಲಿಲ್ಲ. ಹಲ್ಲು ನೋವಿನವರು ಕಾಯುವ ಬೆಂಚಿನ ಮೇಲೆ ಕುಳಿತು ಅದನ್ನು ಬೆರಳಲ್ಲಿ ತಿರುಗಿಸುತ್ತಿದ್ದರು. ಲಿಬಾರ್ದೋ ಹತ್ತಿರ ಹೋಗಿ ಮತ್ತೆ ತಪ್ಪಾಯ್ತು ಎಂದ.

"ಅದಕ್ಕಲ್ಲ ಕಣೋ ಮಗಾ. ಚುಟ್ಟಾ ಮಗಳು ಕೊಡದಿದ್ರೆ ಪಕ್ಕದ ಮನೆಯೋನು ಕೊಡ್ತಾನೆ. ನಾನು ಬಂದಿದ್ದು ಹಾಡು ಕೇಳೋಕೆ."

"ನಿಮ್ಮ ಹತ್ರ ರೆಕಾರ್ಡು ಇಲ್ವಾ?"

"ಎಲ್ಲಿಂದ? ಎರಡು ದಿನದಲ್ಲಿ ಹನ್ನೊಂದೂ ಜನ ನುಡಿಸಿ ಮುಗಿಸಿದ್ವಿ. ರೆಕಾರ್ಡು ಬರೋ ಹೊತ್ತಿಗೆ ತಂಡ ಒಡೆದಿತ್ತು, ನಾನು ಮೀನಿನ ದೋಣಿಯಲ್ಲಿದ್ದೆ. ಮೊದಲನೇ ಮಗ್ಗುಲು ಒಂದು ಸಲ ರೇಡಿಯೋದಲ್ಲಿ ಹಾಕಿದ್ರು. ಎರಡನೇದು ಯಾರೂ ಹಾಕಲಿಲ್ಲ. ಮೂರನೇ ಹಾಡಲ್ಲಿ ನಾನೊಬ್ಬನೇ ನುಡಿಸೋ ಜಾಗ ಒಂದಿದೆ. ಹೇಗೆ ಬಂದಿದೆಯೋ, ಇವತ್ತಿಗೂ ಗೊತ್ತಿಲ್ಲ. ನೀನು ಕೆಮ್ಮಿನವರೆಗೂ ಕೇಳಿದೀಯ ಅಂದಾಗ ನನಗೆ ಸಿಟ್ಟು ಬಂತು ನಿಜ. ಆದ್ರೆ ಅದಕ್ಕಿಂತ ಜಾಸ್ತಿ ಆಸೆ ಬಂತು."

ಲಿಬಾರ್ದೋ ಚಿಕ್ಕಂದಿನಲ್ಲಿ ಗೋಡೆಯಾಚೆಯಿಂದ ಕೇಳಿದ ಆ ದುಂ ದುಂ ಅನ್ನು ಬಾಯಲ್ಲೇ ಮಾಡಿ ತೋರಿಸಿದ. ಮುದುಕ ತಲೆಯಾಡಿಸಿ, "ಅದು ಮೊದಲನೇ ಮಗ್ಗುಲಿಂದು," ಎಂದರು.

ಆ ಸಂಜೆಯೇ ಲಿಬಾರ್ದೋ ಹಾಲೆಂಡಿನ ಕಂಪನಿಗೆ ಇ-ಮೇಲ್ ಬರೆದ. ಉತ್ತರ ಬಂತು: ಮಾರಾಟವಾಗಿ ನಾಲ್ಕು ತಿಂಗಳಾಗಿದೆ, ಮುನ್ನೂರು ಪ್ರತಿಗಳಲ್ಲಿ ದೂರು ಬಂದದ್ದು ನಿಮ್ಮದೊಂದೇ, ಕ್ಷಮಿಸಿ, ತಪ್ಪು ಪ್ರತಿಯನ್ನು ಹಿಂದಕ್ಕೆ ಕಳಿಸಿದರೆ ಸರಿಯಾದದ್ದನ್ನು ಕಳಿಸುತ್ತೇವೆ, ಆದರೆ ಅದರ ಮೇಲೆ ಸಂಖ್ಯೆ ಇರುವುದಿಲ್ಲ.

ಸುದ್ದಿ ಸಂಘಕ್ಕೆ ಮುಟ್ಟಿತು. ಅಷ್ಟರಲ್ಲಿ ಸಂಘ ಚೇತರಿಸಿಕೊಂಡಿತ್ತು. ಹಕ್ಕಿಗಳಿರುವ ತಪ್ಪು ಪ್ರತಿ ಲೋಕದಲ್ಲಿ ಮುನ್ನೂರೇ ಇರುವುದರಿಂದ ಅದು ಹಾಡಿನ ಪ್ರತಿಗಿಂತ ಅಪರೂಪವೆಂದು ಅವರು ತೀರ್ಮಾನಿಸಿದ್ದರು. ಹತ್ತು ಜನ ತಮ್ಮ ಸೀಲ್ ಒಡೆಯುವುದಿಲ್ಲವೆಂದು ಶಪಥ ಮಾಡಿದ್ದರು. ಡಾಕ್ಟರು ಲಿಬಾರ್ದೋನ ಮನೆಗೇ ಬಂದರು.

"ಹುಚ್ಚಾ ನಿಮಗೆ? ಸಂಖ್ಯೆ ಇಲ್ಲದ ಪ್ರತಿ ತಗೊಂಡು ಏನು ಮಾಡ್ತೀರಿ?"

"ಹಾಕಿ ಕೇಳ್ತೀನಿ, ಡಾಕ್ಟ್ರೇ."

"ಆ ಬಾತುಕೋಳಿಯ ಧ್ವನಿ ಗಮನಿಸಿದ್ರಾ ನೀವು? ಏನು ಬೆಚ್ಚಗಿದೆ!"

ಲಿಬಾರ್ದೋ 217ನೆಯದನ್ನು ಅಂಚೆಗೆ ಹಾಕಿಬಂದ. ಹಾಕಿದ ಮೇಲೆ ಅರ್ಧ ಗಂಟೆ ಅಂಚೆ ಕಚೇರಿಯ ಎದುರಿನ ಬೆಂಚಿನಲ್ಲಿ ಕೂತಿದ್ದ, ಮನಸ್ಸು ಬದಲಾದೀತೆಂದು. ಕಿಟಕಿಯ ಹುಡುಗಿ ಊಟಕ್ಕೆ ಹೊರಟು ಬಾಗಿಲು ಹಾಕಿದಳು. ಅದೊಂದು ಉಪಕಾರವಾಯಿತು.

ಆರು ವಾರಕ್ಕೆ ಹೊಸದು ಬಂತು. ಭಾನುವಾರ ಮಧ್ಯಾಹ್ನ ದೋನ್ ತೆಯೋಫಿಲೋ ಅದೇ ಇಸ್ತ್ರಿ ಅಂಗಿಯಲ್ಲಿ ಬಂದರು. ಕತ್ತಿಗೆ ಉಣ್ಣೆಯಿರಲಿಲ್ಲ. ಈ ಸಲ ಪ್ಲಾಸ್ಟಿಕ್ಕನ್ನು ಲಿಬಾರ್ದೋ ತಾನೇ ಹರಿದ, ಹಲ್ಲಿನಿಂದ. ನೂಬಿಯಾ ಎಲ್ಲರಿಗೂ ಕರಿ ಕಾಫಿ ಕೊಟ್ಟಳು. ದೋನ್ಯಾ ಫಿದೆಲೀನಾ ಕಾಲು ನೀಡಿ ಕುಳಿತು, "ಏನು ಕೂಗುತ್ತೋ ನೋಡೋಣ," ಎಂದರು.

ಎರಡನೇ ಮಗ್ಗುಲು ತಿರುಗಿತು. ತುತ್ತೂರಿಗಳು ಕೂಗಿದವು, ನಿಜವಾದ ತುತ್ತೂರಿಗಳೇ. ಮೊದಲ ಹಾಡಿಗೆ ನೂಬಿಯಾಳ ಭುಜ ಅಲುಗಿತು. ಎರಡನೆಯದಕ್ಕೆ ಎದುರು ಮನೆಯವರು ಬಾಗಿಲಿಗೆ ಬಂದರು. ಮೂರನೆಯ ಹಾಡಿನ ನಡುವೆ ಎಲ್ಲ ವಾದ್ಯಗಳೂ ತಟ್ಟನೆ ನಿಂತು, ಬೇಸ್ ಒಂದೇ ಉಳಿಯಿತು. ದೋನ್ ತೆಯೋಫಿಲೋ ಕುರ್ಚಿಯ ತುದಿಗೆ ಸರಿದರು. ಅವರ ಎಡಗೈ ಗಾಳಿಯಲ್ಲಿ, ಇಲ್ಲದ ವಾದ್ಯದ ಕತ್ತು ಹಿಡಿದು, ಮೇಲೆ ಕೆಳಗೆ ಓಡಾಡುತ್ತಿತ್ತು.

"ತಪ್ಪು," ಎಂದರು ಅವರು ಕಡೆಗೆ, ಕಣ್ಣೊರೆಸಿಕೊಳ್ಳುತ್ತ. "ಒಂದು ಕಡೆ ತಪ್ಪು ನುಡಿಸಿದೀನಿ. ಎಲ್ಲಿ ಅಂತ ಹೇಳಲ್ಲ." ಆಮೇಲೆ ನಕ್ಕರು. "ಉಳಿದದ್ದು ಚೆನ್ನಾಗಿದೆ ಅಲ್ವೇನೋ? ಮತ್ತೆ ಹಾಕು."

ಹೇಳುತ್ತ, ಖುಷಿಯಲ್ಲಿ, ಬಿಸಿ ಕಾಫಿಯ ಬಟ್ಟಲನ್ನು ಕೈಗೆ ಸಿಕ್ಕಿದ ಜಾಗದಲ್ಲಿ ಇಟ್ಟರು. ಅದು ಹೊಚ್ಚ ಹೊಸ ಹೊದಿಕೆಯ ನಟ್ಟನಡುವೆ, ಹನ್ನೊಂದು ಜನರ ಫೋಟೋದ ಮೇಲೆ.

ಕಿಟಕಿಯ ಹೊರಗಿನಿಂದ ಯಾರೋ ಅಯ್ಯೋ ಎಂದರು. ಡಾಕ್ಟರ್ ತೂಲಿಯೋ, ಕಂಬಿ ಹಿಡಿದು, ಎಷ್ಟು ಹೊತ್ತಿನಿಂದ ನಿಂತಿದ್ದರೋ. "ಬಟ್ಟಲು! ಹೊದಿಕೆ! ಕಲೆ ಹೋಗಲ್ಲರೀ ಅದು! ತೆಗೀರಿ, ಬೇಗ ತೆಗೀರಿ!"

ಲಿಬಾರ್ದೋ ಬಟ್ಟಲನ್ನು ಎತ್ತಿದ. ಕೆಳಗೆ ದುಂಡನೆಯ ಕಂದು ಉಂಗುರವೊಂದು ಮುದ್ದಾಗಿ ಮೂಡಿತ್ತು. ಆಮೇಲೆ ಪಾತ್ರೆಯಿಂದ ಬಟ್ಟಲಿನ ತುಂಬ ಕಾಫಿ ಬಗ್ಗಿಸಿ, ಮತ್ತೆ ಅದೇ ಉಂಗುರದ ಮೇಲೆ ಇಟ್ಟು, ಸೂಜಿಯನ್ನು ಮೂರನೇ ಹಾಡಿಗೆ ತಿರುಗಿಸಲು ಎದ್ದ.